ಬೀಳುವ ಜಾಗ ಮೊದಲು: ಫ್ರೀರನ್ನಿಂಗ್ ಕಣದ ಕಥೆ, ಹುಬ್ಬಳ್ಳಿಯಿಂದ

ಈ ವಾರದ ಇತಿಹಾಸದ ಕಂತು ಒಂದು ಎಸ್ಟಿಮೇಟ್ ಹಾಳೆಯಿಂದ ಶುರುವಾಗುತ್ತದೆ.

ಹೋದ ತಿಂಗಳು ಹುಬ್ಬಳ್ಳಿಯ ನಾಲ್ಕು ಮಂದಿ ಹುಡುಗರು ನನ್ನನ್ನು ಹುಡುಕಿಕೊಂಡು ಬಂದಿದ್ರು. ಫ್ರೀರನ್ನಿಂಗ್ ಮಾಡುವ ಹುಡುಗರು. ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ: ಗೋಡೆ, ಕಟ್ಟೆ, ಕಂಬಿ, ಮೆಟ್ಟಿಲು, ಏನೇ ಅಡ್ಡ ಬಂದರೂ ಓಡಿ, ಹತ್ತಿ, ಜಿಗಿದು ದಾಟಿ ಹೋಗೋದಕ್ಕೆ ಪಾರ್ಕೋರ್ ಅಂತಾರೆ. ಅದಕ್ಕೆ ಪಲ್ಟಿ, ತಿರುವು, ತಮ್ಮದೇ ಒಂದು ಶೈಲಿ ಸೇರಿಸಿದರೆ ಅದು ಫ್ರೀರನ್ನಿಂಗ್. ಹುಡುಗರ ಮಾತು ಇಷ್ಟು: "ಅಣ್ಣಾ, ನೀವು ಬಿ.ಕಾಂ. ಓದೀರಲ್ಲ, ನಮಗೊಂದು ಬಜೆಟ್ ಮಾಡಿ ಕೊಡ್ರಿ. ಹುಬ್ಬಳ್ಳಿ-ಧಾರವಾಡದಾಗ ಒಂದು ದೊಡ್ಡ ಕಾಂಪಿಟೇಶನ್ ಮಾಡೂದೈತಿ."

ಹಾಳೆ ನೋಡಿದೆ. ಸ್ಟೇಜು, ಸೌಂಡು, ಎಲ್‌ಇಡಿ ಪರದೆ, ಡ್ರೋನ್ ಶೂಟಿಂಗ್, ಬಹುಮಾನ, ಅತಿಥಿಗಳಿಗೆ ಶಾಲು-ಹಾರ. ಹಿಂದಿನ ಪುಟದಲ್ಲಿ ಕೋರ್ಸಿನ ಚಿತ್ರ: 3 ಮೀಟರ್ ಎತ್ತರದ ಗೋಡೆಗಳು, ನಡುವೆ ಕಂಬಿಗಳು, ಒಂದು ಇಳಿಜಾರು. ಕೈ ಪಳಗಿದ ಚಿತ್ರ. ಎಸ್ಟಿಮೇಟಿನ ಕೊನೆಯ ಸಾಲಿನಲ್ಲಿ 'ಗಾದಿ' ಅಂತ ಬರೆದು, ಮುಂದೆ ಮೊತ್ತ ಖಾಲಿ ಬಿಟ್ಟಿದ್ರು. "ಇದೇನಪಾ?" ಅಂದೆ. "ರೊಕ್ಕ ಉಳಿದ್ರ ನೋಡೋಣ ಅಂತ ಬಿಟ್ಟೇವ್ರಿ" ಅಂದರು.

ಆ ಚಿತ್ರ ಬರೆದ ಹುಡುಗನ ಎಡಗಾಲಿಗೆ ಪ್ಲಾಸ್ಟರ್ ಇತ್ತು. ಅರ್ಧಕ್ಕೆ ನಿಂತ ಒಂದು ಕಟ್ಟಡದಲ್ಲಿ ಜಿಗಿದು ಇಳಿಯುವಾಗ ಕಾಂಕ್ರೀಟ್ ಮೇಲೆ ಪಾದ ತಿರುಚಿ ಮುರಿದಿತ್ತು. "ಮನ್ಯಾಗ ಏನು ಹೇಳೀಪಾ?" ಅಂತ ಕೇಳಿದೆ. "ಬೈಕ್ ಮ್ಯಾಲಿಂದ ಬಿದ್ದೆ ಅಂತ ಹೇಳೀನ್ರಿ" ಅಂದ.

ಬಜೆಟ್ ಆಮೇಲೆ ಮಾಡೋಣ, ಮೊದಲು ಇಂಥ ಕಣಗಳನ್ನು ಜಗತ್ತಿನಲ್ಲಿ ಯಾರು, ಹೆಂಗೆ ಕಟ್ಟಿದರು ಅಂತ ಓದಿಕೊಂಡು ಬರ್ತೀನಿ ಅಂತ ಅವರನ್ನು ಕಳಿಸಿದೆ. ಓದುತ್ತಾ ಹೋದಂಗ ಒಂದು ವಿಷಯ ಖಾತ್ರಿ ಆಯ್ತು. ಆ ಖಾಲಿ ಬಿಟ್ಟ ಸಾಲೇ ಇಡೀ ಕಥೆ. ಮತ್ತ ಅದರ ಉತ್ತರ ನಮ್ಮೂರಿನ ತಾಲೀಮು ಮನೆಗಳಲ್ಲೇ ಇತ್ತು.

ಮೊದಲು ಫ್ರಾನ್ಸಿಗೆ ಹೋಗೋಣ, ಯಾಕಂದ್ರೆ ಈ ಆಟದ ಹೆಸರು ಹುಟ್ಟಿದ್ದು ಅಲ್ಲಿ. ಫ್ರೆಂಚ್ ಭಾಷೆಯಲ್ಲಿ 'ಪಾರ್ಕೂರ್' ಅಂದರೆ ಸಾಗುವ ದಾರಿ, ಕೋರ್ಸ್. ಸೈನಿಕರು ತರಬೇತಿಗೆ ಓಡುವ ಅಡೆತಡೆಯ ಹಾದಿಗೆ ಅಲ್ಲಿ ಹೋರಾಟಗಾರನ ಪಾರ್ಕೂರ್ ಅಂತಾರೆ. ಅಂದ್ರೆ ಈ ಆಟಕ್ಕೆ ಹೆಸರು ಕೊಟ್ಟಿದ್ದೇ ಒಂದು ಕೋರ್ಸು.

ಇದರ ಹಿಂದೆ ಇರೋ ಹೆಸರು ಜಾರ್ಜ್ ಎಬೇರ್. ಫ್ರೆಂಚ್ ನೌಕಾಪಡೆಯ ಅಧಿಕಾರಿ. 1902ರ ಮೇ ತಿಂಗಳಲ್ಲಿ ಕೆರಿಬಿಯನ್ನಿನ ಮಾರ್ಟಿನಿಕ್ ದ್ವೀಪದಲ್ಲಿ ಪೆಲೇ ಜ್ವಾಲಾಮುಖಿ ಸಿಡಿದು ಸೇಂಟ್ ಪಿಯರ್ ಪಟ್ಟಣ ಸುಟ್ಟುಹೋಯ್ತು. ಆಗ ಜನರನ್ನು ಉಳಿಸುವ ಕೆಲಸದಲ್ಲಿ ಎಬೇರ್ ಇದ್ದ. ಮೈಯಲ್ಲಿ ಶಕ್ತಿ ಇದ್ದರೆ ಅದು ಇನ್ನೊಬ್ಬರ ಉಪಯೋಗಕ್ಕೆ ಬರಬೇಕು ಅನ್ನೋದು ಆಮೇಲೆ ಅವನ ತತ್ವವಾಯಿತು. ನಡಿಗೆ, ಓಟ, ಜಿಗಿತ, ಹತ್ತುವುದು, ಸಮತೋಲ, ಎತ್ತುವುದು, ಎಸೆಯುವುದು, ಈಜು ಇವನ್ನೆಲ್ಲ ಸೇರಿಸಿ ಒಂದು ವ್ಯಾಯಾಮ ಪದ್ಧತಿ ಕಟ್ಟಿದ. ಫ್ರೆಂಚ್ ಸೈನ್ಯದ ಅಡೆತಡೆ ಹಾದಿಗಳಿಗೆ ಅದೇ ಬುನಾದಿ.

ಅಂಥ ತರಬೇತಿಯಲ್ಲಿ ಬೆಳೆದವನು ರೇಮಂಡ್ ಬೆಲ್. ವಿಯೆಟ್ನಾಮಿನಲ್ಲಿ ಹುಟ್ಟಿ, ಅಲ್ಲಿನ ಸೈನಿಕ ಶಾಲೆಯಲ್ಲಿ ಬೆಳೆದು, ಆಮೇಲೆ ಪ್ಯಾರಿಸ್ಸಿನ ಅಗ್ನಿಶಾಮಕ ದಳ ಸೇರಿದ. ಅವನ ಮಗ ಡೇವಿಡ್ ಬೆಲ್, 1973ರಲ್ಲಿ ಹುಟ್ಟಿದವನು. ಪ್ಯಾರಿಸ್ಸಿನ ಹೊರವಲಯದ ಲೀಸ್ ಎಂಬ ಊರಲ್ಲಿ ಡೇವಿಡ್, ಸೆಬಾಸ್ಟಿಯನ್ ಫೂಕಾನ್ ಮತ್ತು ಗೆಳೆಯರು ಅಪ್ಪನ ಆ ವಿದ್ಯೆಯನ್ನು ಮನೆ-ಬೀದಿಗಳ ಗೋಡೆಗಳ ಮೇಲೆ ಆಡಿದರು. ಆ ಊರಿನ ಹತ್ತಿರವೇ ಶಿಲ್ಪಿ ಪಿಯರ್ ಸೆಕೆಲಿ ಕಟ್ಟಿದ 'ದಾಮ್ ದು ಲಾಕ್' ಎಂಬ ಕಾಂಕ್ರೀಟ್ ಶಿಲ್ಪ ಇದೆ. ಇವತ್ತಿಗೂ ಪಾರ್ಕೋರ್ ಹುಡುಗರಿಗೆ ಅದು ಯಾತ್ರಾಸ್ಥಳ. 2003ರಲ್ಲಿ ಬ್ರಿಟಿಷ್ ಟಿವಿಯಲ್ಲಿ ಬಂದ 'ಜಂಪ್ ಲಂಡನ್' ಸಾಕ್ಷ್ಯಚಿತ್ರದಿಂದ 'ಫ್ರೀರನ್ನಿಂಗ್' ಅನ್ನೋ ಇಂಗ್ಲಿಷ್ ಹೆಸರು ಪ್ರಚಾರಕ್ಕೆ ಬಂತು. 2006ರ ಬಾಂಡ್ ಸಿನಿಮಾ 'ಕ್ಯಾಸಿನೊ ರಾಯಲ್' ಶುರುವಿನಲ್ಲಿ ಕ್ರೇನ್ ಮೇಲೆ ಓಡೋನು ಇದ್ದಾನಲ್ಲ, ಅವನೇ ಫೂಕಾನ್.

ಇಲ್ಲೊಂದು ಸೂಕ್ಷ್ಮ ಗಮನಿಸ್ರಿ. ಲೀಸ್‌ನ ಹುಡುಗರಿಗೆ ಕೋರ್ಸ್ ಯಾರೂ ಕಟ್ಟಿಕೊಡಲಿಲ್ಲ, ಗಾದಿನೂ ಇರಲಿಲ್ಲ. ಆದರೆ ಅವರು ಒಂದೇ ಜಿಗಿತವನ್ನು ಮೊದಲು ನೆಲಮಟ್ಟದಲ್ಲಿ, ಆಮೇಲೆ ಮೊಣಕಾಲೆತ್ತರದಲ್ಲಿ, ವರ್ಷಗಟ್ಟಲೆ ಮಾಡಿ ಎತ್ತರಕ್ಕೆ ಹೋದರು. ಪೈಪೋಟಿ ಇರಲಿಲ್ಲ, ಗಡಿಯಾರ ಇರಲಿಲ್ಲ, ನೋಡೋ ಮಂದಿ ಇರಲಿಲ್ಲ. ಆಗಲ್ಲ ಅನಿಸಿದರೆ ಹಿಂದೆ ಸರಿಯಬಹುದಿತ್ತು. ಸ್ಪರ್ಧೆ ಬಂದ ಕೂಡಲೇ ಈ ಹಿಂದೆ ಸರಿಯುವ ಸ್ವಾತಂತ್ರ್ಯ ಕಡಿಮೆಯಾಗುತ್ತೆ. ಸಾವಿರ ಮಂದಿ ಸಿಳ್ಳೆ ಹೊಡೀತಿರುವಾಗ ಹತ್ತೊಂಬತ್ತು ವರ್ಷದ ಹುಡುಗ "ಇವತ್ತು ಬ್ಯಾಡ" ಅನ್ನೋದು ಕಷ್ಟ. ಅವನು ಕಳಕೊಂಡ ಎಚ್ಚರವನ್ನು ಕಣ ಕಟ್ಟುವವನು ತುಂಬಿಕೊಡಬೇಕಾಗುತ್ತೆ.

ದೊಡ್ಡ ಸ್ಪರ್ಧೆಗಳು ಶುರುವಾದಾಗ ಎರಡು ದಾರಿ ಕಂಡವು. ಒಂದು, ಕಣವನ್ನು ಕಟ್ಟುವುದು. ರೆಡ್ ಬುಲ್ 'ಆರ್ಟ್ ಆಫ್ ಮೋಷನ್' 2007ರಲ್ಲಿ ವಿಯೆನ್ನಾದಲ್ಲಿ ಶುರುವಾಯಿತು. 2008ರಲ್ಲಿ ಲಂಡನ್ನಿನ ರೌಂಡ್‌ಹೌಸ್ ಒಳಗೆ ವಿಶ್ವ ಫ್ರೀರನ್ ಚಾಂಪಿಯನ್‌ಶಿಪ್ ನಡೀತು, ಮರುವರ್ಷ ಟ್ರಫಾಲ್ಗರ್ ಚೌಕದಲ್ಲಿ. ರೌಂಡ್‌ಹೌಸ್ ಅಂದರೆ 1847ರಲ್ಲಿ ರೈಲು ಎಂಜಿನ್ ತಿರುಗಿಸೋಕೆ ಕಟ್ಟಿದ ದುಂಡನೆಯ ಶೆಡ್ಡು. ಇದನ್ನು ಓದಿದಾಗ ನನಗೆ ನಗು ಬಂತು. 1885ರಿಂದ ರೈಲ್ವೆ ವರ್ಕ್‌ಶಾಪ್ ಇರೋ ಊರಿನವರು ನಾವು. ದೊಡ್ಡ ಶೆಡ್ಡು ಅಂದ್ರೆ ನಮಗೇನು ಹೊಸದಲ್ಲ. ಮೇಲೆ ಸೂರು ಇದ್ದರೆ ಮಳೆ, ಬಿಸಿಲು, ಗಾಳಿ ಮೂರರ ಚಿಂತೆಯೂ ತಪ್ಪುತ್ತೆ.

ಇನ್ನೊಂದು ದಾರಿ, ಇರುವ ಊರನ್ನೇ ಕಣ ಮಾಡಿಕೊಳ್ಳೋದು. 2011ರಲ್ಲಿ ಆರ್ಟ್ ಆಫ್ ಮೋಷನ್ ಗ್ರೀಸಿನ ಸಾಂಟೊರಿನಿ ದ್ವೀಪಕ್ಕೆ ಹೋಯ್ತು. ಅಲ್ಲಿನ ಬಿಳಿ ಮನೆಗಳ ಮಾಳಿಗೆಯಿಂದ ಮಾಳಿಗೆಗೆ ಜಿಗಿತ. 2019ರಲ್ಲಿ ಇಟಲಿಯ ಮಾತೇರಾದಲ್ಲಿ, ಬಂಡೆ ಕೊರೆದು ಮಾಡಿದ ಹಳೇ ಮನೆಗಳ ನಡುವೆ ನಡೀತು. ವಿಡಿಯೋ ನೋಡಿದವರೆಲ್ಲ ಕೇಳೋದು ಒಂದೇ: "ನಮ್ಮ ಹಂಪಿಯಾಗ, ಬಾದಾಮಿಯಾಗ ಯಾಕ ಮಾಡಬಾರದು?"

ಆಸೆ ನನಗೂ ಆಗುತ್ತೆ. ಆದರೆ ಕೇಂದ್ರ ಪುರಾತತ್ವ ಇಲಾಖೆ ರಕ್ಷಿಸಿದ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ 2010ರ ತಿದ್ದುಪಡಿ ಕಾಯ್ದೆ ಹೇಳುತ್ತೆ. ಬಾದಾಮಿ ದೂರ ಆಯ್ತು, ನಮ್ಮ ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿಯೂ ರಕ್ಷಿತ ಸ್ಮಾರಕವೇ. ಕಾಯ್ದೆ ಇರಲಿ ಬಿಡ್ರಿ, ಮಾತು ಅದಷ್ಟೇ ಅಲ್ಲ. ಒಂಬೈನೂರು ವರ್ಷದ ಕಲ್ಲಿನ ಅಂಚು ಒಬ್ಬ ಹುಡುಗನ ಬೂಟಿಗೆ ಕಿತ್ತು ಬಂದರೆ ಕಲ್ಲೂ ಹೋಯ್ತು, ಹುಡುಗನೂ ಬಿದ್ದ. ನಮಗೆ ಉಳಿದದ್ದು ಮೊದಲನೇ ದಾರಿ: ಕಟ್ಟಬೇಕು.

ಕಟ್ಟೋ ಮೊದಲು ಸ್ವಲ್ಪ ಲೆಕ್ಕ. ನಾನು ವಿಜ್ಞಾನ ಓದಿದವನಲ್ಲ, ಆದರೆ ಇದು ಭಾಗಾಕಾರದ ಲೆಕ್ಕ, ಅಷ್ಟೆ. 3 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವ ಹೊತ್ತಿಗೆ ಗಂಟೆಗೆ ಸುಮಾರು 28 ಕಿಲೋಮೀಟರ್ ವೇಗದಲ್ಲಿರ್ತಾನೆ. ಮುಂದಿನ ಪ್ರಶ್ನೆ: ಆ ವೇಗ ಎಷ್ಟು ದೂರದಲ್ಲಿ ಸೊನ್ನೆ ಆಗುತ್ತೆ? ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ಮೈಮೇಲೆ ಬೀಳುವ ಸರಾಸರಿ ಹೊರೆ ಅವನ ತೂಕದ ಎಷ್ಟು ಪಟ್ಟು ಅಂತ ಅಂದಾಜು ಸಿಗುತ್ತೆ. ಮಂಡಿ ಬಗ್ಗಿಸದೆ ಕಾಂಕ್ರೀಟ್ ಮೇಲೆ ಬಿದ್ದು 5 ಸೆಂಟಿಮೀಟರಿನಲ್ಲಿ ನಿಂತರೆ 60 ಪಟ್ಟು. 30 ಸೆಂಟಿಮೀಟರ್ ಕುಗ್ಗುವ ನೆಲ ಸಿಕ್ಕರೆ 10 ಪಟ್ಟು. ಎತ್ತರ ಅದೇ, ಹುಡುಗ ಅವನೇ, ನೆಲ ಬದಲಾಯ್ತು. ಮಂಡಿ ಬಗ್ಗಿಸಿ ಇಳಿಯೋದು, ಇಳಿದ ಕೂಡಲೇ ಭುಜದ ಮೇಲೆ ಉರುಳೋದು, ಇವೆಲ್ಲ ಆ ನಿಲ್ಲುವ ದೂರವನ್ನು ಹೆಚ್ಚಿಸುವ ಉಪಾಯಗಳೇ.

ಹಂಗಂತ ಮೆತ್ತಗಿದ್ದಷ್ಟೂ ಒಳ್ಳೇದು ಅನ್ಕೋಬ್ಯಾಡ್ರಿ. ತೀರಾ ಮೆತ್ತಗಿನ ಗಾದಿಯಲ್ಲಿ ಪಾದ ಹೂತು ಹಿಮ್ಮಡಿ ತಿರುಚುತ್ತೆ. ಎರಡು ಗಾದಿಗಳ ನಡುವೆ ಸಂದು ಬಿಟ್ಟರೆ ಕಾಲು ಅದರೊಳಗೇ ಹೋಗುತ್ತೆ. ಜಿಗಿಯುವ ಜಾಗ ಗಟ್ಟಿ ಇರಬೇಕು, ಇಳಿಯುವ ಜಾಗ ಹದವಾಗಿ ಕುಗ್ಗಬೇಕು, ಎರಡರ ಅಂಚು ಒಂದೇ ಮಟ್ಟದಲ್ಲಿ ಸೇರಬೇಕು.

'ಹದ' ಅನ್ನೋ ಮಾತು ಬಾಯಿಗೆ ಬಂದಾಗಲೇ ನನಗೆ ತಾಲೀಮು ಮನೆ ನೆನಪಾಗಿದ್ದು.

ನಮ್ಮ ಕಡೆ ಗರಡಿ ಮನೆಗೆ ತಾಲೀಮು ಅಂತಾರೆ. ಒಳಗೆ ಹನುಮಪ್ಪನ ಪಟ, ಗೋಡೆಗೆ ಒರಗಿಸಿದ ಗದೆ, ನಡುವೆ ಕೆಂಪು ಮಣ್ಣಿನ ಕಣ. ಆ ಮಣ್ಣು ಸುಮ್ನೆ ತಂದು ಸುರಿದದ್ದಲ್ಲ. ಜರಡಿ ಹಿಡಿದು ಹರಳು ತೆಗೆದು, ಎಣ್ಣೆ, ಮಜ್ಜಿಗೆ, ಅರಿಷಿಣ, ನಿಂಬೆರಸ ಹಾಕಿ ಹದ ಮಾಡಿದ್ದು. ಬಿಟ್ಟರೆ ಅದು ಕಲ್ಲಿನಂಗ ಗಟ್ಟಿಯಾಗುತ್ತೆ. ಅದಕ್ಕೆ ಪೈಲ್ವಾನರು ಸಲಿಕೆ ಹಿಡಿದು ಅಗೀತಾರೆ, ನೀರು ಚಿಮುಕಿಸ್ತಾರೆ, ಮಟ್ಟ ಮಾಡ್ತಾರೆ, ಆಮೇಲೆ ಕುಸ್ತಿ. ಅಗೆಯೋದು ವ್ಯಾಯಾಮವೂ ಹೌದು, ಕಣದ ತಪಾಸಣೆಯೂ ಹೌದು. ಎಲ್ಲಿ ಗಟ್ಟಿ, ಎಲ್ಲಿ ತಗ್ಗು ಅಂತ ಬೀಳುವವನ ಕೈಗೇ ಮೊದಲು ಗೊತ್ತಾಗುತ್ತೆ.

ಇದು ನಿನ್ನೆ-ಮೊನ್ನೆಯ ವಿದ್ಯೆ ಅಲ್ಲ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದ, ಅಂದರೆ ಈಗಿನ ಬಸವಕಲ್ಯಾಣದ, ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆಸಿದ. ಅದರಲ್ಲಿ ಮಲ್ಲವಿನೋದ ಅಂತ ಒಂದು ಭಾಗವೇ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಶಕ್ತಿ ನೋಡಿ ವಿಂಗಡಿಸೋದು, ಅವರ ಊಟ, ಅವರ ಕಸರತ್ತು ಎಲ್ಲ ಅಲ್ಲಿದೆ. ಭಾರ ಎತ್ತೋದು, ನಡಿಗೆ, ಈಜು, ಕಂಬದ ಕಸರತ್ತು. ಎಬೇರನ ಪಟ್ಟಿ ಪಕ್ಕಕ್ಕೆ ಇಟ್ಟು ನೋಡ್ರಿ, ಎಷ್ಟೊಂದು ಹೋಲಿಕೆ! ಆ ಕಂಬದ ಕಸರತ್ತಿನ ಬಳಗವೇ ಇವತ್ತಿನ ಮಲ್ಲಕಂಬ, ಬಾಗಲಕೋಟೆ ಜಿಲ್ಲೆಯ ತುಳಸಿಗೇರಿಯ ಮಕ್ಕಳು ಹೆಸರು ಮಾಡಿರೋದು ಅದರಲ್ಲೇ. ನಮ್ಮವರೇ ಪಾರ್ಕೋರ್ ಕಂಡುಹಿಡಿದರು ಅಂತ ನಾನು ಹೇಳ್ತಾ ಇಲ್ಲ. ಅಂಥ ಜಂಬ ಬ್ಯಾಡ. ಮೈಯನ್ನು ಪಳಗಿಸಲು ಕಣ ಬೇಕು, ಕಣಕ್ಕೊಂದು ಶಿಸ್ತು ಬೇಕು ಅನ್ನೋದು ಈ ನೆಲಕ್ಕೆ ಹಳೇ ವಿಷಯ ಅಂತ ಹೇಳ್ತಿದ್ದೀನಿ.

ಇನ್ನು ನೋಡುವವರ ಜಾಗ. ಇದಕ್ಕೆ ಕೊಲ್ಹಾಪುರಕ್ಕೆ ಹೋಗಬೇಕು, ನಮ್ಮ ಪೈಲ್ವಾನರಿಗೆ ಅದು ಪರಊರೇನಲ್ಲ. ರಾಜರ್ಷಿ ಶಾಹು ಮಹಾರಾಜರು 1902ರಲ್ಲಿ ಯುರೋಪಿಗೆ ಹೋದಾಗ ರೋಮ್ ನಗರದ ಕೊಲೋಸಿಯಂ ನೋಡಿ ಬಂದರು. ಅದರ ಪ್ರೇರಣೆಯಿಂದ ಕಟ್ಟಿಸಿದ ಖಾಸಬಾಗ್ ಕುಸ್ತಿ ಮೈದಾನ 1912ರಲ್ಲಿ ಸಿದ್ಧವಾಯಿತು. ನಡುವೆ ಕೆಂಪು ಮಣ್ಣಿನ ದುಂಡು ಕಣ, ಸುತ್ತ ಇಳಿಜಾರಿನಲ್ಲಿ ಕೂರುವ ಜಾಗ, ಕಣ್ಣಿಗೆ ಅಡ್ಡ ಬರೋ ಕಂಬ ಇಲ್ಲ. ಕೊನೆ ಸಾಲಿನಲ್ಲಿ ಕೂತ ರೈತನಿಗೂ ಯಾರು ಚಿತ್ ಆದರು ಅಂತ ಕಾಣಬೇಕು. ಎಲ್‌ಇಡಿ ಪರದೆ ಇಲ್ಲದ ಕಾಲದಲ್ಲಿ ಇಳಿಜಾರೇ ಪರದೆ. ನಮ್ಮಲ್ಲೂ 2020ರ ಫೆಬ್ರವರಿಯಲ್ಲಿ ಧಾರವಾಡದ ಕೆಸಿಡಿ ಮೈದಾನದಲ್ಲಿ ಕರ್ನಾಟಕ ಕುಸ್ತಿ ಹಬ್ಬ ನಡೀತು. ಅಂದ್ರೆ ಬಯಲಿನಲ್ಲಿ ಕಣ ಹಾಕಿ, ರಾಜ್ಯದ ಮಂದಿಯನ್ನು ಕರೆಸಿ ಕೂರಿಸೋದು ಈ ಅವಳಿ ನಗರಕ್ಕೆ ಗೊತ್ತಿರೋ ಕೆಲಸ.

ಕಣ ಯಾರ ಕೈಯಲ್ಲಿರಬೇಕು? ಜಗತ್ತಿನ ಫ್ರೀರನ್ನರ್‌ಗಳು ಇದೇ ಪ್ರಶ್ನೆ ಮೇಲೆ ಜಗಳ ಆಡಿದಾರೆ. 2017ರಲ್ಲಿ ಅಂತಾರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ಒಕ್ಕೂಟ ಪಾರ್ಕೋರನ್ನು ತನ್ನೊಳಗೆ ಸೇರಿಸಿಕೊಳ್ಳಲು ಹೊರಟಾಗ, ಹಲವು ದೇಶಗಳ ಪಾರ್ಕೋರ್ ಸಂಘಗಳು ತಿರುಗಿಬಿದ್ದವು. ನಮ್ಮ ಆಟ ಬೇರೆ, ಅದನ್ನು ಆಡದವರು ಅದರ ನಿಯಮ ಬರೆಯೋದು ಬೇಡ ಅನ್ನೋದು ಅವರ ವಾದ. ಒಕ್ಕೂಟ ಮುಂದುವರಿಯಿತು. 2018ರಲ್ಲಿ ಹಿರೋಶಿಮಾದಲ್ಲಿ ವಿಶ್ವಕಪ್, 2022ರಲ್ಲಿ ಟೋಕಿಯೊದಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್. ಅಲ್ಲಿ ಎರಡು ವಿಭಾಗ: ವೇಗದ ಓಟ ಮತ್ತು ಫ್ರೀಸ್ಟೈಲ್. ಜಗಳದ ಎರಡೂ ಬದಿಗೆ ನ್ಯಾಯ ಇದೆ. ದೊಡ್ಡ ಸಂಸ್ಥೆ ಬಂದರೆ ಗಾದಿ, ವೈದ್ಯರು, ನಿಯಮ ಬರ್ತವೆ. ಆದರೆ ಆಡುವವನ ಕೈಯಿಂದ ಸಲಿಕೆ ತಪ್ಪಿಹೋದರೆ, ಕಣದ ತಪ್ಪು ಅವನಿಗೆ ಬಿದ್ದ ಮೇಲೇ ಗೊತ್ತಾಗುತ್ತೆ.

ಈಗ ನಮ್ಮ ಊರಿಗೆ ಬರೋಣ. ಇಷ್ಟು ಓದಿಕೊಂಡು ಹುಡುಗರನ್ನು ಮತ್ತೆ ಕರೆದೆ. ಹೊಸ ಹಾಳೆ ತಗೊಂಡು ಕೂತ್ವಿ.

ಮೊದಲು ನೆಲ. ಹುಬ್ಬಳ್ಳಿ ಕಡೆ ಎರೆ ಮಣ್ಣು ಜಾಸ್ತಿ, ಧಾರವಾಡದಿಂದ ಪಶ್ಚಿಮಕ್ಕೆ ಹೋದಂಗ ಕೆಂಪು ನೆಲ. ಎರೆ ಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರುಕು ಬಿಡುತ್ತೆ ಅಂತ ನಮ್ಮ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದರ ಮೇಲೆ ಕಬ್ಬಿಣದ ಪೈಪಿನ ಚೌಕಟ್ಟು ನಿಲ್ಲಿಸಿದರೆ, ಒಂದು ಅಡ್ಡಮಳೆಗೆ ಒಂದು ಕಾಲು ಕುಸಿಯಬಹುದು. ಅದಕ್ಕೆ ಪ್ರತಿ ಕಾಲಿನ ಕೆಳಗೆ ಅಗಲದ ಹಲಗೆ, ಕರ್ಣಕ್ಕೆ ಅಡ್ಡಪಟ್ಟಿ, ತಳಕ್ಕೆ ಮರಳು ಚೀಲ. ಕಂಬಿ ಹಿಡಿದು ಜೋಲಿ ಹೊಡೆಯುವಾಗ ಹೊರೆ ಕೆಳಕ್ಕಷ್ಟೇ ಅಲ್ಲ, ಪಕ್ಕಕ್ಕೂ ಎಳೆಯುತ್ತೆ.

ಎರಡನೇದು ಕಾಲ. ಜೂನ್‌ನಿಂದ ಮಳೆ, ಏಪ್ರಿಲ್-ಮೇನಲ್ಲಿ ಉರಿ ಬಿಸಿಲು, ಕಬ್ಬಿಣದ ಕಂಬಿ ಮುಟ್ಟೋಕಾಗಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಹೊತ್ತು. ಓಟದ ದಿಕ್ಕು ಉತ್ತರ-ದಕ್ಷಿಣ ಇರಲಿ, ಸಂಜೆ ಸೂರ್ಯ ಕಣ್ಣಿಗೆ ಹೊಡೆಯೋದು ತಪ್ಪುತ್ತೆ. ಕ್ರಿಕೆಟ್ ಪಿಚ್ಚು ಹಾಕೋರೂ ಇದನ್ನೇ ಮಾಡೋದು.

ಮೂರನೇದು ದಾರಿಗಳು. ಒಂದೇ ಗೋಡೆಗೆ ಮೂರು ಎತ್ತರ ಕೊಡಬೇಕು. ಆಟಗಾರನಿಗೆ ಆಯ್ಕೆ ಇರಬೇಕು. ಕಡಿಮೆ ಎತ್ತರ ಹಿಡಿದು ಚಂದ ಮಾಡಿದವನೂ ಗೆಲ್ಲೋ ಹಂಗ ಅಂಕ ಇಡಬೇಕು. ಹಿಂದೆ ಸರಿಯುವ ಸ್ವಾತಂತ್ರ್ಯ ಅಂದೆನಲ್ಲ, ಅದನ್ನು ಕಣದೊಳಗೇ ಕಟ್ಟೋದು ಅಂದರೆ ಇದು. ಸ್ಪರ್ಧೆಗೆ ಮುಂಚೆ ಒಂದು ಪೂರ್ತಿ ದಿನ ಅಭ್ಯಾಸಕ್ಕೆ ಬಿಡಬೇಕು. ಆ ದಿನ ಯಾವುದಾದರೂ ಅಡೆತಡೆ ಸರಿ ಇಲ್ಲ ಅಂತ ಆಟಗಾರರು ಹೇಳಿದರೆ ತೆಗೆಯಲೇಬೇಕು. ಆಂಬುಲೆನ್ಸ್ ಕಣದ ಅಂಚಿನವರೆಗೂ ಬರೋ ದಾರಿಗೆ ಒಂದು ಕುರ್ಚಿಯೂ ಅಡ್ಡ ಇರಬಾರದು.

ಮಂದಿ ಬರೋದರ ಚಿಂತೆ ಇಲ್ಲ. 1962ರಲ್ಲೇ ಎರಡೂ ಊರು ಸೇರಿ ಒಂದೇ ಪಾಲಿಕೆ ಆಗಿದ್ದವು, ನಡುವೆ ಚಿಗರಿ ಬಸ್ಸು ಐತಿ.

ಕೊನೆಗೆ ಬಜೆಟ್. ಅಕೌಂಟೆನ್ಸಿಯಲ್ಲಿ ನಮಗೆ ಮೊದಲ ವರ್ಷವೇ ಕಲಿಸೋ ಒಂದು ನಿಯಮ ಇದೆ: ಲಾಭ ಕೈಗೆ ಬರೋವರೆಗೂ ಬರೀಬೇಡ, ನಷ್ಟ ಬರೋ ಸೂಚನೆ ಕಂಡರೂ ಬರ್ಕೋ. ಅದನ್ನೇ ಇಲ್ಲಿ ಹಚ್ಚಿದೆ. ಮೊದಲ ಸಾಲು ಗಾದಿ ಮತ್ತು ಇಳಿಯುವ ನೆಲ. ಎರಡನೇದು ವೈದ್ಯರು, ಆಂಬುಲೆನ್ಸ್, ವಿಮೆ. ಮೂರನೇದು ಚೌಕಟ್ಟು. ಉಳಿದದ್ದರಲ್ಲಿ ಬಹುಮಾನ, ಸೌಂಡು. ಎಲ್‌ಇಡಿ ಪರದೆ ಹೋಯ್ತು, ಡ್ರೋನೂ ಹೋಯ್ತು. ಶಾಲು-ಹಾರ ತೆಗೆಯೋಕೆ ಮಾತ್ರ ಭಾಳ ವಾದ ಆಯ್ತು. 3 ಮೀಟರ್ ಗೋಡೆ ಒಂದೂವರೆ ಮೀಟರಿಗೆ ಇಳೀತು. 'ದೊಡ್ಡ' ಕಾಂಪಿಟೇಶನ್ ಈ ವರ್ಷ ಇಲ್ಲ. ಒಬ್ಬ ಹುಡುಗನಿಗೆ ಬ್ಯಾಸರ ಆಯ್ತು. "ಇಷ್ಟ ಸಣ್ಣದು ಮಾಡಿದ್ರ ಯಾರು ನೋಡ್ತಾರಣ್ಣಾ?" ಅಂದ. ನನ್ನ ಹತ್ತಿರ ಅದಕ್ಕೆ ಒಳ್ಳೆ ಉತ್ತರ ಇರಲಿಲ್ಲ. ನಿಜ, ಕಡಿಮೆ ಮಂದಿ ನೋಡಬಹುದು.

ಮರುವಾರ ಎಲ್ಲರೂ ಸೇರಿ ಧಾರವಾಡದ ಒಂದು ತಾಲೀಮಿಗೆ ಹೋಗಿದ್ವಿ. ವಯಸ್ಸಾದ ವಸ್ತಾದರು ಹುಡುಗರ ಮೊಬೈಲಿನಲ್ಲಿ ಸಾಂಟೊರಿನಿಯ ವಿಡಿಯೋ ಪೂರ್ತಿ ನೋಡಿದರು. ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಜಿಗಿಯೂದು ಚಲೋ ಐತಿ. ಬೀಳೂದು ಎಲ್ಲಿ ಕಲ್ತಾರ ಇವರು?" ಅಂತ ಕೇಳಿದರು. ಆಮೇಲೆ ಮೂರು ಹುಡುಗರ ಕೈಗೆ ಸಲಿಕೆ ಕೊಟ್ಟರು. ಪ್ಲಾಸ್ಟರ್ ಹಾಕಿದ ಹುಡುಗನಿಗೆ ಕಟ್ಟೆ ಮೇಲೆ ಕೂತು ಹರಳು ಆರಿಸೋ ಕೆಲಸ.

ಬರುವಾಗ ಚಿಗರಿ ಬಸ್ಸಿನಲ್ಲಿ ಆ ಹುಡುಗ ನನ್ನ ಪಕ್ಕ ಕೂತಿದ್ದ. "ಅಣ್ಣಾ, ಅಪ್ಪಗ ಖರೇ ಹೇಳಬೇಕಂತ ಮಾಡೀನಿ. ನೀವೂ ಬರ್ರಿ, ಆ ಹಾಳಿ ತೊಗೊಂಡು" ಅಂದ. ಬರೋ ರವಿವಾರ ಹೋಗ್ತಾ ಇದೀನಿ.

ಏನಾಯ್ತು ಅಂತ ಮುಂದಿನ ಕಂತಿನಲ್ಲಿ ಹೇಳ್ತೀನಿ. ಅಲ್ಲೀತನಕ ಆರಾಮ ಇರ್ರಿ. ನಮಸ್ಕಾರ.